ಗಾಡಿ ಎಳೀತಿಲ್ವಾ? ಟರ್ಬೋ ಬದಲಿಸೋ ಮುಂಚೆ ಇಷ್ಟು ನೋಡಿ

ಬೆಳಗಿನ ಜಾವ ಹೂವು, ತರಕಾರಿ ತುಂಬಿಕೊಂಡು ಬೆಂಗಳೂರು ಕಡೆ ಹೊರಡೋ ನಮ್ಮಂಥವರಿಗೆ ಗಾಡಿಯ ದಮ್ಮು ಅಂದ್ರೆ ದುಡ್ಡು. ಹೆಬ್ಬಾಳದ ಹೂವಿನ ಹರಾಜಿಗೆ ತಡವಾಗಿ ಹೋದ್ರೆ ಹೂವು ಡಬ್ಬದಲ್ಲೇ ಉಳಿಯುತ್ತೆ. ಯಶವಂತಪುರ ಯಾರ್ಡಿಗೆ ಹೊತ್ತೇರಿದ ಮೇಲೆ ಹೋದ್ರೆ ಕೇಳೋರು ಕಮ್ಮಿ. ಇಂಥ ಹೊತ್ತಲ್ಲಿ ಡೀಸೆಲ್ ಗಾಡಿ ಫ್ಲೈಓವರ್ ಏರುವಾಗ ಏದುಸಿರು ಬಿಡೋಕೆ ಶುರು ಮಾಡಿದ್ರೆ, ಗ್ಯಾರೇಜಿನಲ್ಲಿ ಬರೋ ಮೊದಲ ಮಾತು ಒಂದೇ: "ಟರ್ಬೋ ಹೋಗಿದೆ ಅಣ್ಣ, ಬದಲಿಸ್ಬೇಕು."

ಹೊಸ ಟರ್ಬೋ ಅಂದ್ರೆ ಹತ್ತಾರು ಸಾವಿರ ರೂಪಾಯಿ ಲೆಕ್ಕ. ಒಂದು ಬೆಳೆಯ ಗೊಬ್ಬರ, ಔಷಧಿ ಖರ್ಚೇ ಅದರಲ್ಲಿ ಹೋಗುತ್ತೆ. ಆದ್ರೆ ಎಳೆತ ಕಮ್ಮಿಯಾದ ಎಲ್ಲ ಗಾಡಿಯಲ್ಲೂ ಟರ್ಬೋ ಕೆಟ್ಟಿರಲ್ಲ. ಟರ್ಬೋಗೆ ಸೇರಬೇಕಾದ ಗಾಳಿ, ವ್ಯಾಕ್ಯೂಮ್, ಆಯಿಲ್ ಸರಿಯಾಗಿ ಸೇರದೆ ಅದು ಸುಮ್ಮನೆ ಕೂತಿರುತ್ತೆ, ಅಷ್ಟೇ. ಕಮ್ಮಿ ಖರ್ಚಿನದ್ದನ್ನ ಮೊದಲು, ಜಾಸ್ತಿ ಖರ್ಚಿನದ್ದನ್ನ ಕೊನೆಗೆ ನೋಡ್ತಾ ಹೋದ್ರೆ ದುಡ್ಡೂ ಉಳಿಯುತ್ತೆ, ರೋಗವೂ ಗೊತ್ತಾಗುತ್ತೆ. ಆ ಕ್ರಮ ಹೇಗೆ ಅನ್ನೋದೇ ಈ ವಾರದ ವಿಷಯ. ಕಾರು ಅಂತ ಬರೆದಿದ್ರೂ ಟರ್ಬೋ ಇರೋ ಪಿಕಪ್‌ಗೆ, ಟ್ರ್ಯಾಕ್ಟರ್‌ಗೆ ಇದರಲ್ಲಿ ಬಹುಪಾಲು ಅನ್ವಯಿಸುತ್ತೆ.

ಟರ್ಬೋ ಮಾಡೋ ಕೆಲಸ ಏನು?

ಡೀಸೆಲ್ ಉರಿಯೋಕೆ ಗಾಳಿ ಬೇಕು. ಗಾಳಿ ಜಾಸ್ತಿ ಒಳಗೆ ಹೋದ್ರೆ ಡೀಸೆಲ್ ಜಾಸ್ತಿ ಉರಿಸಬಹುದು, ಆಗ ಎಳೆತ ಜಾಸ್ತಿ. ಟರ್ಬೋದಲ್ಲಿ ಒಂದೇ ಅಚ್ಚಿನ ಎರಡು ತುದಿಗೆ ಎರಡು ಚಕ್ರ ಇರುತ್ತೆ. ಸೈಲೆನ್ಸರ್ ಕಡೆ ಹೋಗೋ ಬಿಸಿ ಹೊಗೆ ಒಂದು ಚಕ್ರವನ್ನ ತಿರುಗಿಸುತ್ತೆ, ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನ ಒತ್ತಿ ಎಂಜಿನ್‌ಗೆ ತುಂಬುತ್ತೆ. ಒತ್ತಿದ ಗಾಳಿ ಬಿಸಿಯಾಗುತ್ತೆ, ಅದನ್ನ ಇಂಟರ್‌ಕೂಲರ್ ತಣ್ಣಗೆ ಮಾಡುತ್ತೆ. ಈ ಅಚ್ಚು ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತೆ. ಅದನ್ನ ಹಿಡಿದಿರೋದು ತೆಳ್ಳಗಿನ ಆಯಿಲ್ ಪದರ ಮಾತ್ರ.

ನಮ್ಮೂರಿನ ಎತ್ತರವೂ ಲೆಕ್ಕಕ್ಕೆ ಬರುತ್ತೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಅದು 91ರ ಆಸುಪಾಸು. 1478 ಮೀಟರ್ ಎತ್ತರದ ನಂದಿ ಬೆಟ್ಟದ ತುದಿಯಲ್ಲಿ 85ರ ಹತ್ತಿರ. ಅಂದ್ರೆ ಟರ್ಬೋ ಸುಮ್ಮನಾದ ಗಾಡಿ ಮಂಗಳೂರಿಗಿಂತ ನಮ್ಮಲ್ಲಿ ಇನ್ನೂ ಸಪ್ಪೆ. ಈ 91 ಅನ್ನೋ ಸಂಖ್ಯೆ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಮೊದಲು ಹೊಗೆ ನೋಡಿ, ಸದ್ದು ಕೇಳಿ

ಬಾನೆಟ್ ಎತ್ತೋ ಮುಂಚೆ ಗಾಡಿ ಏನು ಹೇಳ್ತಿದೆ ಅಂತ ಗಮನಿಸಿ.

• ಕಪ್ಪು ಹೊಗೆ, ಎಳೆತ ಇಲ್ಲ: ಡೀಸೆಲ್ ಇದೆ, ಗಾಳಿ ಸಾಲ್ತಿಲ್ಲ. ಏರ್ ಫಿಲ್ಟರ್ ಕಟ್ಟಿರಬಹುದು, ಗಾಳಿ ಪೈಪ್ ಸೀಳಿರಬಹುದು, ಇಜಿಆರ್ ವಾಲ್ವ್ ತೆರೆದೇ ನಿಂತಿರಬಹುದು.

• ಹೊಗೆ ಇಲ್ಲ, ಎಳೆತವೂ ಇಲ್ಲ: ಡೀಸೆಲ್ ಸಾಲ್ತಿಲ್ಲ, ಇಲ್ಲವೇ ಗಾಡಿಯ ಕಂಪ್ಯೂಟರ್ ತಾನೇ ಡೀಸೆಲ್ ಕಮ್ಮಿ ಕೊಡ್ತಿದೆ. ಈಗಿನ ಗಾಡಿಗಳು ಗಾಳಿ ಕಮ್ಮಿ ಅಂತ ಗೊತ್ತಾದ ಕೂಡ್ಲೇ ಡೀಸೆಲ್ಲನ್ನೂ ಕಮ್ಮಿ ಮಾಡುತ್ವೆ. ಹಾಗಾಗಿ ಹೊಗೆ ಇಲ್ಲ ಅಂದ ಮಾತ್ರಕ್ಕೆ ಗಾಳಿ ಕಡೆ ಎಲ್ಲ ಸರಿ ಅಂದ್ಕೋಬೇಡಿ.

• ನೀಲಿ ಹೊಗೆ: ಎಂಜಿನ್ ಆಯಿಲ್ ಉರೀತಿದೆ. ಇದನ್ನ ಮುಂದೂಡೋ ಹಾಗಿಲ್ಲ.

• ಆಕ್ಸಿಲರೇಟರ್ ಒತ್ತಿದಾಗ "ಸ್ಸ್ಸ್" ಸದ್ದು: ಗಾಳಿ ಪೈಪ್ ಎಲ್ಲೋ ಬಿಟ್ಟಿದೆ.

• ಸೈರನ್ ಥರ ಕೂಗು, ಲೋಹ ಉಜ್ಜಿದ ಸದ್ದು: ಟರ್ಬೋ ಒಳಗೇ ತೊಂದರೆ ಇರೋ ಸಾಧ್ಯತೆ ಜಾಸ್ತಿ. ಗಾಡಿ ಓಡಿಸೋದು ನಿಲ್ಲಿಸಿ.

• ಇದ್ದಕ್ಕಿದ್ದಂತೆ ಎಳೆತ ಹೋಗಿ, ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದ್ರೆ ಸರಿಹೋಗೋದು: ಇದು ಲಿಂಪ್ ಮೋಡ್. ಏನೋ ಅಳತೆ ಮೀರಿದೆ ಅಂತ ಕಂಪ್ಯೂಟರ್ ಎಂಜಿನ್ ಉಳಿಸೋಕೆ ಶಕ್ತಿ ಕಡಿತ ಮಾಡಿದೆ.

ಫೋನೇ ನಿಮ್ಮ ಸ್ಕ್ಯಾನರ್

ಈಗಿನ ಡೀಸೆಲ್ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಒಂದು ಒಬಿಡಿ ಸಾಕೆಟ್ ಇರುತ್ತೆ. ಅದಕ್ಕೆ ಚುಚ್ಚೋ ಬ್ಲೂಟೂತ್ ಅಡಾಪ್ಟರ್ ಆನ್‌ಲೈನಲ್ಲಿ ಸಿಗುತ್ತೆ. ಫೋನಿಗೆ ಒಂದು ಆ್ಯಪ್ ಹಾಕ್ಕೊಂಡ್ರೆ ಸಾಕು. ನಾಲ್ಕೈದು ಜನ ಗೆಳೆಯರು ಸೇರಿ ಒಂದು ತಗೊಂಡ್ರೆ ಊರಿಗೇ ಆಗುತ್ತೆ.

ಮೊದಲು ಕೋಡ್ ಓದಿ. ನಮಗೆ ಬೇಕಾದವು ಇಷ್ಟು: ಪಿ0299 ಅಂದ್ರೆ ಟರ್ಬೋ ಒತ್ತಡ ಬೇಕಾದ್ದಕ್ಕಿಂತ ಕಮ್ಮಿ. ಪಿ0234 ಅಂದ್ರೆ ಒತ್ತಡ ಮಿತಿ ಮೀರಿದೆ. ಪಿ0101 ಗಾಳಿ ಅಳೆಯೋ ಸೆನ್ಸರ್ ಲೆಕ್ಕ ಹೊಂದುತ್ತಿಲ್ಲ. ಪಿ0087 ಡೀಸೆಲ್ ರೈಲ್ ಒತ್ತಡ ಕಮ್ಮಿ. ಪಿ2463 ಡಿಪಿಎಫ್‌ನಲ್ಲಿ ಮಸಿ ತುಂಬಿದೆ. ಒಂದು ಮಾತು: ಪಿ0299 ಬಂತು ಅಂದ್ರೆ "ಟರ್ಬೋ ಬದಲಿಸಿ" ಅಂತ ಅರ್ಥ ಅಲ್ಲ. ಒತ್ತಡ ಬರ್ತಿಲ್ಲ ಅಂತ ಮಾತ್ರ. ಯಾಕೆ ಅಂತ ಹುಡುಕೋದು ನಮ್ಮ ಕೆಲಸ. ಕೋಡ್ ಅಳಿಸೋ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

ಆಮೇಲೆ ಆ್ಯಪಿನಲ್ಲಿ ಮ್ಯಾಪ್ ಸೆನ್ಸರ್ ರೀಡಿಂಗ್ ತೆರೀರಿ. ಇದು ಎಂಜಿನ್ ಒಳಗೆ ಹೋಗೋ ಗಾಳಿಯ ಒತ್ತಡ.

1. ಕೀ ಆನ್, ಎಂಜಿನ್ ಆಫ್: ನಮ್ಮ ಕಡೆ 90-92 ತೋರಿಸಬೇಕು. 70 ಅಥವಾ 120 ತೋರಿಸಿದ್ರೆ ಸೆನ್ಸರ್ ಮೇಲೇ ಅನುಮಾನ ಪಡಿ.

2. ಲೋಡಿನಲ್ಲಿ: ನಿಂತಲ್ಲೇ ಆಕ್ಸಿಲರೇಟರ್ ಒತ್ತಿದ್ರೆ ಒತ್ತಡ ಪೂರ್ತಿ ಏರಲ್ಲ. ಖಾಲಿ ಇರೋ ಏರು ರಸ್ತೆಯಲ್ಲಿ ಮೂರನೇ ಗೇರಿನಲ್ಲಿ, 2000ದಿಂದ 3000 ಆರ್‌ಪಿಎಂವರೆಗೆ ಪೂರ್ತಿ ಒತ್ತಿ ನೋಡಬೇಕು. ಚಿಕ್ಕ ಡೀಸೆಲ್ ಕಾರುಗಳಲ್ಲಿ ಸಾಮಾನ್ಯವಾಗಿ 180ರಿಂದ 240ರ ನಡುವೆ ಏರುತ್ತೆ. 100, 110ರಲ್ಲೇ ನಿಂತ್ರೆ ಟರ್ಬೋ ಗಾಳಿ ತುಂಬ್ತಿಲ್ಲ, ಇಲ್ಲವೇ ತುಂಬಿದ ಗಾಳಿ ದಾರಿಯಲ್ಲೇ ಸೋರಿ ಹೋಗ್ತಿದೆ.

ಫೋನ್ ನೋಡೋಕೆ ಪಕ್ಕದಲ್ಲಿ ಇನ್ನೊಬ್ಬರು ಇರಲೇಬೇಕು. ಓಡಿಸೋರು ರಸ್ತೆ ಮಾತ್ರ ನೋಡ್ಬೇಕು. ಹೆಬ್ಬಾಳ ಫ್ಲೈಓವರ್ ಮೇಲೆ ಈ ಪರೀಕ್ಷೆ ಬೇಡ. ಯಲಹಂಕ ದಾಟಿ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಬೆಳಗ್ಗೆ ಬೇಗ ಹೋದ್ರೆ ಜಾಗ ಸಿಗುತ್ತೆ.

ಬಾನೆಟ್ ಎತ್ತಿ ನೋಡೋ ಕ್ರಮ

ಎಂಜಿನ್ ಆಫ್ ಇರಲಿ, ತಣ್ಣಗಿರಲಿ. ಟರ್ಬೋ ಸುತ್ತ ಮುಟ್ಟಿದ್ರೆ ಕೈ ಸುಡುತ್ತೆ.

1. ಏರ್ ಫಿಲ್ಟರ್: ಮಣ್ಣು ರಸ್ತೆ, ತೋಟದ ದಾರಿಯಲ್ಲಿ ಓಡೋ ಗಾಡಿಗೆ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ ಸಾಲಲ್ಲ. ತೆಗೆದು ನೋಡಿ. ಫಿಲ್ಟರ್ ಡಬ್ಬಕ್ಕೆ ಗಾಳಿ ಬರೋ ಮೂತಿಯನ್ನೂ ನೋಡಿ. ಒಣಗಿದ ಎಲೆ, ಪ್ಲಾಸ್ಟಿಕ್ ಕವರ್, ಇಲಿ ಗೂಡು ಸಿಕ್ಕಿಕೊಂಡಿರುತ್ತೆ. ಕಂಪ್ರೆಸರ್ ಗಾಳಿ ಜೋರಾಗಿ ಹೊಡೆದು ಹಳೇ ಫಿಲ್ಟರನ್ನೇ ಹಾಕಬೇಡಿ. ಹರಿದ ಫಿಲ್ಟರ್‌ನಿಂದ ಒಳಗೆ ಹೋಗೋ ಮಣ್ಣು ಟರ್ಬೋ ರೆಕ್ಕೆಯನ್ನ ಮರಳು ಕಾಗದದ ಥರ ಸವೆಸುತ್ತೆ.

2. ಗಾಳಿ ಪೈಪುಗಳು: ಟರ್ಬೋದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಹೋಗೋ ದಪ್ಪ ರಬ್ಬರ್ ಪೈಪುಗಳನ್ನ ಕೈಯಿಂದ ಬಗ್ಗಿಸಿ, ಮಡಿಕೆಗಳ ಒಳಗೆ ನೋಡಿ. ಸೀಳು ಬಹಳ ಸಲ ಕೆಳಭಾಗದಲ್ಲೇ ಇರುತ್ತೆ, ಮೇಲಿನಿಂದ ಕಾಣಲ್ಲ. ಒಂದು ಜಾಗದಲ್ಲಿ ಎಣ್ಣೆ ಧೂಳು ಸೇರಿ ಕಪ್ಪಗೆ ಕಟ್ಟಿದ್ರೆ ಅಲ್ಲೇ ಗಾಳಿ ಸೋರ್ತಿದೆ. ಪೈಪ್ ಒಳಗೆ ತೆಳ್ಳಗೆ ಎಣ್ಣೆ ಪಸೆ ಇರೋದು ಸಾಮಾನ್ಯ, ಅದಕ್ಕೆ ಹೆದರಬೇಡಿ. ಎಣ್ಣೆ ನಿಂತು ಸುರಿದ್ರೆ ಮಾತ್ರ ಚಿಂತೆ ಮಾಡಿ. ಕ್ಲಿಪ್ ಸಡಿಲ ಇದ್ರೆ ಬಿಗಿ ಮಾಡಿ. ಇಂಟರ್‌ಕೂಲರ್ ಮುಂದೆ ಬಂಪರ್ ಹತ್ತಿರ ಇದ್ರೆ ಕಲ್ಲೇಟು ಬಿದ್ದಿದೆಯಾ ಅಂತಲೂ ನೋಡಿ.

3. ವ್ಯಾಕ್ಯೂಮ್ ಪೈಪು: ಪೆನ್ಸಿಲ್‌ಗಿಂತ ಸಣ್ಣ ಈ ಪೈಪುಗಳನ್ನ ತುಂಬಾ ಜನ ನೋಡೋದೇ ಇಲ್ಲ. ಅನೇಕ ಗಾಡಿಗಳಲ್ಲಿ ಟರ್ಬೋ ಒಳಗಿನ ಚಿಕ್ಕ ರೆಕ್ಕೆಗಳನ್ನ ಒಂದು ಕಡ್ಡಿ ತಿರುಗಿಸುತ್ತೆ, ಆ ಕಡ್ಡಿಯನ್ನ ವ್ಯಾಕ್ಯೂಮ್ ಎಳೆಯುತ್ತೆ. ಒಬ್ಬರು ಸ್ಟಾರ್ಟ್ ಮಾಡ್ಲಿ, ನೀವು ದೂರದಿಂದ ಕಡ್ಡಿ ನೋಡಿ. ಸ್ಟಾರ್ಟ್ ಆದ ಕೂಡ್ಲೇ ಕಡ್ಡಿ ಒಳಗೆ ಸರಿಯಬೇಕು, ಆಫ್ ಮಾಡಿದ್ರೆ ವಾಪಸ್ ಬರಬೇಕು. ಅಲುಗಾಡದಿದ್ರೆ ಪೈಪು, ಸೊಲೆನಾಯ್ಡ್ ವಾಲ್ವ್, ಕಡ್ಡಿ ಎಳೆಯೋ ಡಬ್ಬ, ಈ ಕ್ರಮದಲ್ಲಿ ನೋಡಿ. ಶೆಡ್ಡಿನಲ್ಲಿ ನಿಲ್ಲಿಸೋ ಗಾಡಿಯಾದ್ರೆ ಇಲಿ ಕಡಿದಿರೋ ಸಾಧ್ಯತೆ ಇದ್ದೇ ಇದೆ. ಬ್ರೇಕ್ ಪೆಡಲ್ಲೂ ಗಟ್ಟಿಯಾಗಿದ್ರೆ ವ್ಯಾಕ್ಯೂಮ್ ಪಂಪಿನಲ್ಲೇ ತೊಂದರೆ ಇರಬಹುದು, ಆಗ ಗಾಡಿ ರಸ್ತೆಗೆ ಇಳಿಸಬೇಡಿ. ಕೆಲವು ಗಾಡಿಗಳಲ್ಲಿ ಕಡ್ಡಿ ಗಾಳಿ ಒತ್ತಡದಿಂದ ಅಥವಾ ಕರೆಂಟ್ ಮೋಟಾರಿನಿಂದ ಓಡುತ್ತೆ. ನಿಮ್ಮದು ಯಾವುದು ಅಂತ ಮೊದಲು ತಿಳ್ಕೊಳ್ಳಿ.

4. ಸೆನ್ಸರ್‌ಗಳು: ಮ್ಯಾಪ್ ಸೆನ್ಸರ್ ತುದಿಗೆ ಮಸಿ ಮೆತ್ತಿಕೊಂಡ್ರೆ ತಪ್ಪು ಲೆಕ್ಕ ಕೊಡುತ್ತೆ. ಏರ್ ಫಿಲ್ಟರ್ ಪಕ್ಕದ ಗಾಳಿ ಅಳೆಯೋ ಸೆನ್ಸರ್ ಬಲು ನಾಜೂಕು. ಅದಕ್ಕೇ ಅಂತ ಬರೋ ಸ್ಪ್ರೇ ಹೊಡೆದು ತಾನಾಗೇ ಒಣಗೋಕೆ ಬಿಡಿ. ಬಟ್ಟೆ, ಬ್ರಶ್ ಮುಟ್ಟಿಸಬೇಡಿ.

5. ಡೀಸೆಲ್ ಫಿಲ್ಟರ್: ಮನೆಯಲ್ಲಿ ಕ್ಯಾನು, ಡ್ರಮ್ಮಿನಲ್ಲಿ ಡೀಸೆಲ್ ಇಡೋರು ಗಮನಿಸಿ. ಅದರಲ್ಲಿ ನೀರು, ಕಸ ಸೇರೇ ಸೇರುತ್ತೆ. ಫಿಲ್ಟರ್ ಕೆಳಗಿನ ತಿರುಪು ಸಡಿಲಿಸಿ ನೀರು ಬಸಿದುಬಿಡಿ, ಹಳೇದಾಗಿದ್ರೆ ಫಿಲ್ಟರ್ ಬದಲಿಸಿ. ಆದ್ರೆ ಇಂಜೆಕ್ಟರ್‌ಗೆ ಹೋಗೋ ಉಕ್ಕಿನ ಪೈಪುಗಳನ್ನ ಎಂಜಿನ್ ಓಡುವಾಗ ಯಾವತ್ತೂ ಸಡಿಲಿಸಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತೆ, ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆಯೂ ಚರ್ಮದೊಳಗೆ ತೂರುತ್ತೆ. ಹಾಗೇನಾದ್ರೂ ಆದ್ರೆ ಗಾಯ ಚಿಕ್ಕದು ಅಂತ ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ನನ್ನ ಗಾಡಿಯಲ್ಲಿ ಆಗಿದ್ದು

ರಾಜಾನುಕುಂಟೆ ಹತ್ತಿರ ನಮ್ಮದು ಗುಲಾಬಿ ಪಾಲಿಹೌಸ್. ಹೂವು ಕಮ್ಮಿ ಇರೋ ದಿನ ಹಿಂದಿನ ಸೀಟು ಮಡಚಿ ಕಾರಿನಲ್ಲೇ ಹೆಬ್ಬಾಳಕ್ಕೆ ಹಾಕ್ತೀನಿ. ಅದಕ್ಕೆ ಅಂತಲೇ ಒಂದು ಸೆಕೆಂಡ್ ಹ್ಯಾಂಡ್ ಬಿಎಸ್ 4 ಡೀಸೆಲ್ ಕಾರು ತಗೊಂಡೆ. ತಗೊಂಡಾಗಲೇ 2000 ಆರ್‌ಪಿಎಂ ಕೆಳಗೆ ಸಪ್ಪೆ ಇತ್ತು, ಅದನ್ನ ಹೇಳಿಯೇ ಬೆಲೆ ಇಳಿಸಿದ್ದೆ. ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ ಬಾನೆಟ್ ಎತ್ತಿ ಎರಡು ನಿಮಿಷದಲ್ಲಿ ಟರ್ಬೋ ಬದಲಿಸಬೇಕು ಅಂದ್ರು.

ನಾನು ಮೇಲಿನ ಕ್ರಮದಲ್ಲೇ ಹೋದೆ. ಕೋಡ್ ಪಿ0299. ಕೀ ಆನ್ ಮಾಡಿದಾಗ ಮ್ಯಾಪ್ 91, ಅಂದ್ರೆ ಸೆನ್ಸರ್ ಸರಿ. ಏರಿನಲ್ಲಿ 112ಕ್ಕಿಂತ ಮೇಲೆ ಹೋಗ್ಲಿಲ್ಲ. ಫಿಲ್ಟರ್ ಚೆನ್ನಾಗಿತ್ತು, ದಪ್ಪ ಪೈಪುಗಳೂ ಸರಿ ಇದ್ವು. ಸ್ಟಾರ್ಟ್ ಮಾಡಿದ್ರೆ ಕಡ್ಡಿ ಅಲುಗಾಡ್ಲಿಲ್ಲ. ಪಂಪಿನ ಹತ್ತಿರ ಪೈಪು ಬಿಚ್ಚಿ ಬೆರಳಿಟ್ಟರೆ ಎಳೆತ ಜೋರಾಗಿತ್ತು, ಸೊಲೆನಾಯ್ಡ್ ಹತ್ತಿರ ಏನೂ ಇರ್ಲಿಲ್ಲ. ನಡುವೆ ಬ್ಯಾಟರಿ ತಟ್ಟೆಯ ಕೆಳಗೆ ಪೈಪು ಬಿಸಿಗೆ ಒಣಗಿ ಸೀಳಿತ್ತು. ಹೊಸ ಪೈಪಿಗೆ ಇನ್ನೂರು ರೂಪಾಯಿಯೂ ಆಗ್ಲಿಲ್ಲ. ಅದೇ ಏರಿನಲ್ಲಿ ರೀಡಿಂಗ್ 205 ಬಂತು.

ಕಥೆ ಅಲ್ಲಿಗೇ ಮುಗೀಲಿಲ್ಲ. ವಾರ ಕಳೆದ ಮೇಲೆ ನಂದಿ ಬೆಟ್ಟದ ತಿರುವುಗಳಲ್ಲಿ ಇದ್ದಕ್ಕಿದ್ದಂತೆ ಎಳೆತ ನಿಂತುಹೋಯ್ತು. ಈ ಸಲ ಕೋಡ್ ಪಿ0234, ಒತ್ತಡ ಜಾಸ್ತಿ! ಯಾಕೆ ಅಂದ್ರೆ, ವ್ಯಾಕ್ಯೂಮ್ ಇಲ್ಲದೆ ತಿಂಗಳುಗಟ್ಟಲೆ ಓಡಿದ ಗಾಡಿಯಲ್ಲಿ ಟರ್ಬೋದ ಚಿಕ್ಕ ರೆಕ್ಕೆಗಳು ಒಂದೇ ಜಾಗದಲ್ಲಿ ನಿಂತು ಮಸಿ ಹಿಡಿದಿದ್ವು. ಈಗ ಕಡ್ಡಿ ಎಳೆದಾಗ ಮುಚ್ಚಿಕೊಳ್ತಿದ್ವು, ಬಿಡುವಾಗ ಅಂಟಿಕೊಳ್ತಿದ್ವು. ಯಲಹಂಕದ ಒಬ್ಬ ಮೆಕ್ಯಾನಿಕ್ ಕೈಪಂಪಿನಿಂದ ವ್ಯಾಕ್ಯೂಮ್ ಕೊಟ್ಟು ತೋರಿಸಿದ್ರು. ಕಡ್ಡಿ ನುಣುಪಾಗಿ ಜಾರೋ ಬದಲು ತಡೆದು ತಡೆದು ಹೋಗ್ತಿತ್ತು. ಅಚ್ಚಿನಲ್ಲಿ ಆಟ ಇರ್ಲಿಲ್ಲ, ಚಕ್ರ ಚೆನ್ನಾಗಿತ್ತು. ಟರ್ಬೋ ಬಿಚ್ಚಿ, ಮಸಿ ತೆಗೆದು, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದ್ರು. ಒಂದೂವರೆ ದಿನದ ಕೆಲಸ, ಹೊಸ ಟರ್ಬೋ ಬೆಲೆಯ ಐದನೇ ಒಂದು ಭಾಗ ಖರ್ಚು.

ಇದರಿಂದ ಎರಡು ವಿಷಯ ಗೊತ್ತಾಗುತ್ತೆ. ಒಂದು, ಚಿಕ್ಕ ರೋಗ ಬಿಟ್ಟಷ್ಟೂ ದೊಡ್ಡದಾಗುತ್ತೆ. ಇನ್ನೊಂದು, ಒಂದೇ ಗಾಡಿಯಲ್ಲಿ ಎರಡು ರೋಗ ಇರಬಹುದು. ಹಾಗಾಗಿ ರಿಪೇರಿ ಆದ ಮೇಲೂ ಅದೇ ಏರಿನಲ್ಲಿ, ಅದೇ ಗೇರಿನಲ್ಲಿ ರೀಡಿಂಗ್ ತಗೊಂಡು ಹಳೇದರ ಜೊತೆ ಹೋಲಿಸಿ.

ಬಿಎಸ್ 6 ಗಾಡಿ ಇದ್ರೆ

2020ರ ಏಪ್ರಿಲ್ 1ರಿಂದ ಬಿಎಸ್ 6 ಬಂತು. ಈ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯೋ ಡಿಪಿಎಫ್ ಇರುತ್ತೆ. ಆರ್.ಟಿ. ನಗರ, ಯಶವಂತಪುರದ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಓಡಿದ್ರೆ ಅದು ಬಿಸಿಯಾಗಲ್ಲ, ಮಸಿ ತುಂಬಿ ಹೊಗೆ ಹೋಗೋ ದಾರಿ ಕಟ್ಟುತ್ತೆ, ಗಾಡಿ ಸಪ್ಪೆ ಆಗುತ್ತೆ. ಡಿಪಿಎಫ್ ದೀಪ ಹತ್ತಿದ್ರೆ ಗಾಡಿಯ ಪುಸ್ತಕದಲ್ಲಿ ಹೇಳಿದ ಹಾಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ. ಹೆಬ್ಬಾಳದಿಂದ ದೇವನಹಳ್ಳಿ ದಾಟೋವರೆಗೆ ನಿಲ್ಲಿಸದೆ ಹೋದ್ರೆ ಬಹಳ ಸಲ ಮಸಿ ತಾನೇ ಸುಟ್ಟುಹೋಗುತ್ತೆ.

ಮಸಿ ಸುಡುವಾಗ ಒಳಗೆ 600 ಡಿಗ್ರಿ ಸೆಲ್ಸಿಯಸ್ ಹತ್ತಿರ ಶಾಖ ಇರುತ್ತೆ. ಆ ಹೊತ್ತಲ್ಲಿ ಗಾಡಿಯನ್ನ ಒಣಹುಲ್ಲು, ಮೆದೆ, ಕಣದ ಹತ್ತಿರ ನಿಲ್ಲಿಸಲೇಬೇಡಿ. ರಸ್ತೆ ಮೇಲೆ ಒಕ್ಕಣೆಗೆ ಹಾಕಿದ ಹುರುಳಿ, ರಾಗಿ ಹುಲ್ಲಿನ ಮೇಲೆ ಓಡಿಸಿದ್ರೆ ಇಳಿದು ಕೆಳಗೆ ಸುತ್ತಿಕೊಂಡಿದೆಯಾ ನೋಡಿ. ಬೆಂಕಿ ಹತ್ತೋದು ಹೀಗೇ.

ಕೆಲವು ಗಾಡಿಗಳಿಗೆ ಡಿಇಎಫ್ ಅನ್ನೋ ಯೂರಿಯಾ ದ್ರಾವಣ ಬೇಕು. ಅದು ಮುಗೀತಾ ಬಂದ್ರೂ ಗಾಡಿ ಶಕ್ತಿ ಕಡಿತ ಮಾಡಬಹುದು. "ಮನೆಯಲ್ಲಿ ಯೂರಿಯಾ ಮೂಟೆ ಇದ್ಯಲ್ಲ" ಅಂತ ಗೊಬ್ಬರ ಕರಗಿಸಿ ಹಾಕಬೇಡಿ. ಡಿಇಎಫ್ ಶುದ್ಧ ಯೂರಿಯಾ ಶೇ. 32.5ರಷ್ಟು ಇರೋ ದ್ರಾವಣ. ನಮ್ಮ ಗೊಬ್ಬರಕ್ಕೆ ಬೇವಿನೆಣ್ಣೆ ಲೇಪನ ಇರುತ್ತೆ, ಅದು ಇಡೀ ವ್ಯವಸ್ಥೆಯನ್ನೇ ಕೆಡಿಸುತ್ತೆ.

ಟರ್ಬೋ ಬದಲಿಸಿ ಅಂದ್ರೆ ಈ ನಾಲ್ಕು ಕೇಳಿ

1. ಅಚ್ಚು ಅಲುಗಾಡಿಸಿ ತೋರಿಸಿ. ಪಕ್ಕಕ್ಕೆ ಸ್ವಲ್ಪ ಆಟ ಇರೋದು ಸಹಜ. ಹಿಂದೆ ಮುಂದೆ ಜಗ್ಗಿದಾಗ ಕೈಗೆ ಗೊತ್ತಾಗೋಷ್ಟು ಆಟ ಇರಬಾರದು. ರೆಕ್ಕೆ ತುದಿ ಮುರಿದಿದ್ರೆ, ಗೋಡೆಗೆ ಉಜ್ಜಿದ ಗುರುತು ಇದ್ರೆ ನಿಜವಾಗಲೂ ಹೋಗಿದೆ.

2. ಯಾಕೆ ಹೋಯ್ತು? ಆಯಿಲ್ ಪೈಪ್ ಕಟ್ಟಿದ್ದಕ್ಕಾ, ಮಣ್ಣು ಹೋಗಿದ್ದಕ್ಕಾ? ಕಾರಣ ಸರಿಪಡಿಸದೆ ಹೊಸದು ಹಾಕಿದ್ರೆ ಅದೂ ಹೋಗುತ್ತೆ. ಆಯಿಲ್ ಬರೋ ಪೈಪು, ವಾಪಸ್ ಹೋಗೋ ಪೈಪು ಎರಡನ್ನೂ ಸ್ವಚ್ಛ ಮಾಡಬೇಕು ಅಥವಾ ಬದಲಿಸಬೇಕು.

3. ಒಳಗಿನ ಕಾರ್ಟ್ರಿಡ್ಜ್ ಮಾತ್ರ ಬದಲಿಸೋಕೆ ಆಗುತ್ತಾ? ಜೆ.ಸಿ. ರಸ್ತೆ ಕಡೆ ಹೋಗಿ ತರೋದಾದ್ರೆ ಬ್ಯಾಲೆನ್ಸ್ ಮಾಡಿದ ದಾಖಲೆ, ಬಿಲ್ಲು, ವಾರಂಟಿ ಕೇಳಿ.

4. ಹಳೇ ಟರ್ಬೋ ನನಗೆ ವಾಪಸ್ ಕೊಡ್ತೀರಾ?

ಎಳೆತ ಬರ್ಲಿ ಅಂತ ಕಡ್ಡಿಯ ಉದ್ದ, ಅದರ ತಡೆ ತಿರುಪು ತಿರುಗಿಸೋಕೆ ಯಾರಿಗೂ ಬಿಡಬೇಡಿ. ಅದು ಕಾರ್ಖಾನೆಯಲ್ಲಿ ಅಳೆದು ಕೂರಿಸಿದ್ದು. ಒತ್ತಡ ಮಿತಿ ಮೀರಿದ್ರೆ ಎಂಜಿನ್ನಿಗೇ ಪೆಟ್ಟು.

ನೀಲಿ ಹೊಗೆ ದಟ್ಟವಾಗಿ ಬಂದು, ಕೀ ಆಫ್ ಮಾಡಿದ್ರೂ ಎಂಜಿನ್ ತಾನೇ ಜೋರಾಗಿ ಓಡ್ತಿದ್ರೆ ಟರ್ಬೋ ಮೂಲಕ ಆಯಿಲ್ ಒಳಗೆ ಹೋಗಿ ಅದೇ ಉರೀತಿದೆ ಅಂತ ಅರ್ಥ. ಗೇರ್ ಗಾಡಿಯಾದ್ರೆ ಗಾಡಿ ನಿಲ್ಲಿಸಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಕೊನೇ ಗೇರ್ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಬಂದ್ ಮಾಡಿ. ಆಗದಿದ್ರೆ ಎಲ್ಲರನ್ನೂ ಇಳಿಸಿ ದೂರ ಹೋಗಿ.

ಟರ್ಬೋ ಬಾಳಿಕೆ ಬರಬೇಕಾದ್ರೆ

• ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲ್ಲನ್ನೇ ಹಾಕಿ, ಹೊತ್ತಿಗೆ ಸರಿಯಾಗಿ ಬದಲಿಸಿ. ಧೂಳು, ಲೋಡು, ಟ್ರಾಫಿಕ್ ಮೂರೂ ಇದ್ರೆ ಸ್ವಲ್ಪ ಬೇಗನೇ ಬದಲಿಸಿ.

• ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡ್ಲೇ ಜೋರಾಗಿ ಒತ್ತಬೇಡಿ. ಏರು ಹತ್ತಿ ಅಥವಾ ಹೆದ್ದಾರಿಯಲ್ಲಿ ಜೋರಾಗಿ ಬಂದು ನಿಲ್ಲಿಸಿದಾಗ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ.

• ತಿಂಗಳಿಗೊಮ್ಮೆ ಬಾನೆಟ್ ಎತ್ತಿ ಫಿಲ್ಟರ್, ಪೈಪು, ಕ್ಲಿಪ್ಪು ನೋಡಿ. ಇಲಿ ಹಿಕ್ಕೆ ಕಂಡ್ರೆ ಆವತ್ತೇ ವೈರು, ಪೈಪು ಪೂರ್ತಿ ಪರೀಕ್ಷಿಸಿ.

• ಗಾಡಿ ಚೆನ್ನಾಗಿರುವಾಗಲೇ ನಿಮ್ಮೂರ ಏರಿನಲ್ಲಿ ಮ್ಯಾಪ್ ರೀಡಿಂಗ್ ತಗೊಂಡು ದಿನಾಂಕದ ಸಮೇತ ಫೋನಿನಲ್ಲಿ ಬರೆದಿಟ್ಕೊಳ್ಳಿ. ನಾಳೆ ಗಾಡಿ ಸಪ್ಪೆ ಅನಿಸಿದ ದಿನ ಅನುಮಾನ ಬೇಡ, ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿ. ಗ್ಯಾರೇಜಿನಲ್ಲೂ ಆ ಸಂಖ್ಯೆ ತೋರಿಸಿಯೇ ಮಾತು ಶುರು ಮಾಡಿ.